ಕಂಬಳಿ ಮೇಲೆ ಕೊಟ್ಟ ಮಾತು

ಮಿಲ್ಟ್ರಿ ಕ್ಯಾಂಪು ಮುಚ್ಚುತ್ತಾರಂತೆ ಎಂಬ ಸುದ್ದಿ ಉಚ್ಚಂಗಮ್ಮನಿಗೆ ತಿಳಿದದ್ದು ಪುರಸಭೆಯಲ್ಲಲ್ಲ, ಹನುಮೇಶನ ಹೋಟೆಲಿನ ಮುಂದೆ. ಆಕೆ ಕರಡಿಗುಡ್ಡ ಪುರಸಭೆಯ ಸದಸ್ಯೆ, ಬೀರಪ್ಪನ ಗುಡಿ ಬೀದಿಯಿಂದ ಅವಿರೋಧವಾಗಿ ಆರಿಸಿ ಬಂದವಳು. ಆದರೂ ಊರಿನ ಸುದ್ದಿಯೆಲ್ಲ ಮೊದಲು ಮಂಡಕ್ಕಿ ಒಗ್ಗರಣೆಯ ವಾಸನೆಯ ಜೊತೆಗೇ ಹೊರಗೆ ಬರುವುದು ಅಲ್ಲಿಯ ರೂಢಿ.

"ಅಕ್ಕ, ಇನ್ನು ಹೋಟ್ಲಿಗೆ ಬೀಗ ಹಾಕಿ ನಿಮ್ಮ ಕುರಿ ಕಾಯಾಕೆ ಬರ್ತೀನಿ. ಕೆಲಸ ಕೊಡ್ತೀರೇನು?" ಅಂದ ಹನುಮೇಶ. ಅವನೂ ಪಕ್ಕದ ವಾರ್ಡಿನ ಸದಸ್ಯನೇ.

"ನಿನ್ನ ಹೊಟ್ಟೆ ಹೊತ್ಕೊಂಡು ನೀನು ಕುರಿ ಹಿಂದೆ ಓಡೋದು ಬ್ಯಾಡ ಬಿಡಪ್ಪ. ಕುರೀನೇ ನಿನ್ನ ಕಾಯಬೇಕಾಗ್ತೈತೆ. ಏನಾತು?"

"ಮಿಲ್ಟ್ರಿ ಹೊಂಟೈತಂತೆ. ಗುಂಡು ಹೊಡೆಯೋ ಬಯಲು, ಕ್ಯಾಂಪು, ಎಲ್ಲ ಖಾಲಿ."

ಉಚ್ಚಂಗಮ್ಮ ನಗುವುದನ್ನು ನಿಲ್ಲಿಸಿದಳು.

ಕರಡಿಗುಡ್ಡ ಹೊಸದುರ್ಗದಿಂದ ಹಿರಿಯೂರಿಗೆ ಹೋಗುವ ದಾರಿಯಲ್ಲಿ, ಕಲ್ಲುಗುಡ್ಡಗಳ ನಡುವೆ ಇರುವ ಸಣ್ಣ ಪಟ್ಟಣ. ಊರಾಚೆಯ ದೊಡ್ಡ ಕಾವಲು, ಅಂದರೆ ತಲೆತಲಾಂತರದಿಂದ ಬೀರಪ್ಪನ ಗುಡಿ ಬೀದಿಯವರ ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು, ಆಕೆ ಮದುವೆಯಾಗಿ ಬಂದ ಹೊಸದರಲ್ಲೇ ಮಿಲ್ಟ್ರಿಯ ಪಾಲಾಗಿತ್ತು. ಸಿಪಾಯಿಗಳು ಅಲ್ಲಿ ಗುಂಡು ಹೊಡೆಯುವ ಅಭ್ಯಾಸ ಮಾಡುತ್ತಿದ್ದರು. ಮೊದಮೊದಲು ಬೀದಿಯಲ್ಲಿ ಅಳು, ಶಾಪ ಎಲ್ಲ ಆಯಿತು. ಆಮೇಲೆ ಯಾರೋ ಪುಣ್ಯಾತ್ಮ ಅಧಿಕಾರಿ ಒಂದು ದಾರಿ ಮಾಡಿದ. ಗುಡ್ಡದ ಮೇಲಿನ ಕಂಬದಲ್ಲಿ ಕೆಂಪು ಬಾವುಟ ಏರಿದ್ದರೆ ಗುಂಡು ಹಾರುವ ದಿನ. ಬಾವುಟ ಇಳಿದಿದ್ದರೆ ಗೇಟು ತೆರೆದಿರುತ್ತದೆ, ಕುರಿ ಒಳಗೆ ಬಿಡಬಹುದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆ ಅಧಿಕಾರಿ ಹೋದ, ಎಷ್ಟೋ ಅಧಿಕಾರಿಗಳು ಬಂದರು, ಗೇಟು ಮಾತ್ರ ಹಾಗೆಯೇ ತೆರೆಯುತ್ತ ಬಂತು. ಸುತ್ತಲಿನ ಊರುಗಳ ಗೋಮಾಳಗಳೆಲ್ಲ ಸೈಟು, ಕಲ್ಲು ಕ್ವಾರಿ ಅಂತ ಕರಗಿಹೋದರೂ ಗುಂಡಿನ ಭಯದಿಂದ ಕಾವಲಿನ ಹುಲ್ಲು ಉಳಿಯಿತು. ಒಮ್ಮೆ ಮಳೆಯಲ್ಲಿ ತಪ್ಪಿಸಿಕೊಂಡ ಮರಿಯೊಂದನ್ನು ಸುಬೇದಾರ್ ರಘುನಾಥ್ ತಮ್ಮ ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಂಡು ಬೀದಿಯವರೆಗೂ ನಡೆದು ಬಂದು ಕೊಟ್ಟಿದ್ದರು. ಅಂಥ ಜನ.

ಆದರೂ ಗೇಟು ಬೇರೆಯವರದು ಎಂಬ ಅಳುಕು ಇದ್ದೇ ಇತ್ತು. ಅದಕ್ಕೇ ಕೆಲವು ವರ್ಷಗಳ ಹಿಂದೆ ಉಚ್ಚಂಗಮ್ಮನ ತಂಗಿಯ ಮಗಳು ಸುಪ್ರಿಯಾ, ಚಿತ್ರದುರ್ಗದಲ್ಲಿ ವಕೀಲಿಕೆ ಮಾಡುವವಳು, ಬೀದಿಯವರೆಲ್ಲರ ಪರವಾಗಿ ಒಂದು ಕೇಸು ಹಾಕಿದ್ದಳು. ಮಿಲ್ಟ್ರಿಗೆ ಬೇಡವಾದ ದಿನ ಕಾವಲು ಕುರಿ ಸಾಕುವವರಿಗೇ ವಾಪಸ್ಸು ಬರಬೇಕು ಅಂತ. ಕೇಸು ಮುಗಿಯುವವರೆಗೆ ಆ ಭೂಮಿಯನ್ನು ಬೇರೆ ಯಾರಿಗೂ ಕೊಡಕೂಡದು ಎಂದು ಕೋರ್ಟು ತಡೆಯನ್ನೂ ಕೊಟ್ಟಿತ್ತು.

ಸುದ್ದಿ ಹಬ್ಬಿದ ಮೇಲೆ ಪುರಸಭೆ ಮೈಕೊಡವಿ ಎದ್ದಿತು. ಅಧ್ಯಕ್ಷ ಪರಮೇಶ್ವರಪ್ಪ ತುರ್ತು ಸಭೆ ಕರೆದ. ಸಿಪಾಯಿಗಳ ಬಟ್ಟೆ ಹೊಲಿಯುವ ದರ್ಜಿಗಳು, ಅವರಿಗೆ ಮನೆ ಬಾಡಿಗೆ ಕೊಟ್ಟವರು, ಹಾಲು, ಕೋಳಿ, ತರಕಾರಿ ಹಾಕುವವರು ಎಲ್ಲರೂ ಬಂದು ಸಭೆಯ ಬಾಗಿಲಲ್ಲಿ ನಿಂತರು. ಕ್ಯಾಂಪು ಉಳಿಸಿ ಎಂದು ಠರಾವು ಆಯಿತು. ಊರು ಬಂದ್ ಮಾಡುವುದು, ಮೆರವಣಿಗೆ ಹೊರಡುವುದು, ಮೇಲಿನವರಿಗೆ ನಿಯೋಗ ಹೋಗುವುದು ಅಂತೆಲ್ಲ ತೀರ್ಮಾನವಾಯಿತು. ಸಭೆ ಮುಗಿದ ಮೇಲೆ ಪರಮೇಶ್ವರಪ್ಪ ಉಚ್ಚಂಗಮ್ಮನ ಹತ್ತಿರ ಬಂದ.

ಆತ ಒಳ್ಳೆಯ ಮನುಷ್ಯನೆಂದೇ ಆಕೆ ತಿಳಿದಿದ್ದಳು. ಆತ ಹಾಗೆ ನಡೆದುಕೊಂಡೂ ಇದ್ದ. ಆಕೆ ಆರಿಸಿ ಬಂದ ಮೊದಲ ದಿನ, ಎಲ್ಲಿ ಕೂರಬೇಕೆಂದು ತಿಳಿಯದೆ ಗೋಡೆಗೆ ಆತು ನಿಂತಿದ್ದಾಗ ತನ್ನ ಪಕ್ಕದ ಕುರ್ಚಿಯನ್ನು ತಾನೇ ಎಳೆದುಕೊಟ್ಟಿದ್ದ. ಆಕೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಪ್ರತಿ ಸಭೆಗೂ ಸಪ್ಪೆ ಕಾಫಿ ಬೇರೆಯಾಗಿ ಬರುತ್ತಿತ್ತು. ಇಂಥದನ್ನೆಲ್ಲ ಯಾರೂ ಹೇಳಿ ಮಾಡಿಸಲಾರರು.

"ಅಕ್ಕ, ಒಂದು ಕಷ್ಟದ ಮಾತು ಐತೆ," ಅಂದ. "ಮಿಲ್ಟ್ರಿಯವರು ಯಾಕೆ ಹೊಂಟವ್ರೆ ಗೊತ್ತೇನು? ನಿಮ್ಮ ಬೀದಿಯವರ ಕೇಸಿಗೆ. ಊರಿನ ಜನಾನೇ ನಮ್ಮ ಮ್ಯಾಲೆ ಕೇಸು ಹಾಕಿದ ಮ್ಯಾಲೆ ಇಲ್ಲಿ ಯಾಕಿರಬೇಕು ಅಂತಾರಂತೆ. ಕೇಸು ವಾಪಸ್ ತಗಂಡ್ರೆ ಉಳೀತಾರೆ."

"ನಾನೊಬ್ಬಳು ಹೇಳಿದ್ರೆ ಆಗಲ್ಲಪ್ಪ. ಬೀದಿಯೋರು ಕೂಡಬೇಕು. ನೀನೇ ಬಂದು ಹೇಳು."

"ಬರ್ತೀನಿ. ಅದಕ್ಕೇನು."

ಸಂಕ್ರಾಂತಿ ಕಳೆದ ಸೋಮವಾರ ಆತ ಬಂದ. ಬೀರಪ್ಪನ ಗುಡಿಯ ಮುಂದೆ ಕರಿಕಂಬಳಿ ಹಾಸಿದ್ದರು. ಬೀದಿಯ ಯಾವ ದೊಡ್ಡ ಮಾತೂ ಆ ಕಂಬಳಿಯ ಮೇಲೆಯೇ ಆಗಬೇಕು. ಅಣ್ಣತಮ್ಮಂದಿರ ಪಾಲು, ಹೆಣ್ಣು ಕೊಡುವ ಮಾತು, ಕಳ್ಳತನದ ನ್ಯಾಯ, ಎಲ್ಲ. ಹಿರಿಯರು ಅದರ ಮೇಲೆ ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ, ಹಾಕುತ್ತಾರೆ. ಕೂರುವವರು ಕೆರ ದೂರ ಬಿಟ್ಟು, ಕಾಲು ತೊಳೆದು ಬಂದು ಕೂರುತ್ತಾರೆ. ಅಲ್ಲಿ ಆಡಿದ ಮಾತಿಗೆ ಸಾಕ್ಷಿ ಬೇಡ, ರುಜು ಬೇಡ. ಮರುಪ್ರಶ್ನೆಯೂ ಇಲ್ಲ. ನಿಜವೇನಪ್ಪಾ ಎಂದು ಕೇಳಿದರೆ ಕಂಬಳಿಗೇ ಅವಮಾನ ಮಾಡಿದ ಹಾಗೆ.

ಪರಮೇಶ್ವರಪ್ಪ ಬೇರೆ ಜಾತಿಯವನು. ಆತನಿಗೆ ಕುರ್ಚಿ ತರಿಸಿದ್ದರು. ಆತ ಕುರ್ಚಿ ಬೇಡವೆಂದು ತಾನೇ ಕಾಲು ತೊಳೆದು ಬಂದು, ಬೀದಿಯ ಹಿರಿಯ ತಿಮ್ಮರಾಯಪ್ಪನ ಎದುರಿಗೆ ಕಂಬಳಿಯ ಮೇಲೆ ಮಂಡಿ ಮಡಚಿ ಕೂತ. ಉಚ್ಚಂಗಮ್ಮನ ಕಣ್ಣು ತುಂಬಿ ಬಂತು. ತಿಮ್ಮರಾಯಪ್ಪ ಆಕೆಯ ತೀರಿಹೋದ ಗಂಡನ ಅಣ್ಣ, ಸುಲಭಕ್ಕೆ ಕರಗುವವನಲ್ಲ. ಅವನ ಮುಖ ಕೂಡ ಮೆತ್ತಗಾಯಿತು.

"ಕೇಸು ವಾಪಸ್ ತಗಳ್ರಿ," ಅಂದ ಪರಮೇಶ್ವರಪ್ಪ. "ಮಿಲ್ಟ್ರಿ ಉಳೀತೈತೆ, ಗೇಟು ಈಗ ಹೆಂಗೆ ತೆರೀತೈತೋ ಹಂಗೇ ತೆರೀತೈತೆ. ಒಂದು ವ್ಯಾಳೆ ಏನು ಮಾಡಿದ್ರೂ ಉಳೀಲಿಲ್ಲ ಅನ್ರಿ, ಆವಾಗ ಕಾವಲು ನಿಮಗೇ. ಪುರಸಭೆ ನಿಮ್ಮ ಬೆನ್ನಿಗೆ ನಿಲ್ತೈತೆ. ಇದು ನನ್ನ ಮಾತು."

ತಿಮ್ಮರಾಯಪ್ಪ ಭಂಡಾರ ತೆಗೆದು ಆತನ ಹಣೆಗೆ ಹಚ್ಚಿದ. ಅಲ್ಲಿಗೆ ಮುಗಿಯಿತು.

ಸುಪ್ರಿಯಾ ಮಾತ್ರ ಫೋನಿನಲ್ಲಿ ಹಟ ಹಿಡಿದಳು. "ದೊಡ್ಡಮ್ಮ, ಅದನ್ನೇ ಪುರಸಭೆ ಸಭೇಲಿ ಠರಾವು ಮಾಡಿ ಕೊಡಲಿ. ಆಮೇಲೆ ಕೇಸಿನ ಮಾತು. ಕೋರ್ಟಿಂದ ತಡೆ ಐತೆ. ಅದೊಂದೇ ನಮ್ಮ ಕೈಯಾಗಿರೋದು."

"ಕಂಬಳಿ ಮ್ಯಾಲೆ ಕುಂತು ಹೇಳ್ಯಾನೆ ಕಣೆ."

"ಕುಂತಿರಲಿ ಬಿಡು. ಬರ್ಕೊಡಾಕೆ ಏನು ಕಷ್ಟ?"

"ಅವನು ಕಾಲು ತೊಳ್ಕೊಂಡು ಬಂದು ಕುಂತ. ಅಂಥೋನಿಗೆ ಬರ್ಕೊಡು ಅಂತ ಯಾವ ಬಾಯಾಗೆ ಕೇಳಾನ? ನಿಮ್ಮ ಕಾನೂನು ಓದಿದ ಮ್ಯಾಲೆ ನಿಂಗೆ ಮನುಷ್ಯರ ಮ್ಯಾಲೆ ನಂಬಿಕೇನೇ ಹೋಯ್ತು."

ಸರಿ ದೊಡ್ಡಮ್ಮ ಎಂದು ಸುಪ್ರಿಯಾ ಫೋನು ಇಟ್ಟಳು. ಇನ್ನೂ ಕೆಲವರು ಬೀದಿಯಲ್ಲಿ ಅನುಮಾನ ಪಟ್ಟರು. ಉಚ್ಚಂಗಮ್ಮ ಮನೆಮನೆಗೂ ಹೋಗಿ, ಜಗಲಿಯ ಮೇಲೆ ಕೂತು, ತಾನು ಜವಾಬ್ದಾರಿ ಎಂದು ಹೇಳಿ ಒಪ್ಪಿಸಿದಳು. ಕೇಸು ವಾಪಸ್ಸಾಯಿತು. ಕೋರ್ಟಿನ ತಡೆಯೂ ಅದರ ಜೊತೆಗೇ ಹೋಯಿತು.

ಬಂದ್ ದಿನ ಮೆರವಣಿಗೆಯ ಮುಂದೆ ಡೊಳ್ಳು, ಡೊಳ್ಳಿನ ಹಿಂದೆ ಕುರಿ ಹಿಂಡು, ಹಿಂಡಿನ ಮುಂದೆ ಫಲಕ ಹಿಡಿದ ಉಚ್ಚಂಗಮ್ಮ. ಫೋಟೋ ತೆಗೆಯುವವರು ಆಕೆಯನ್ನೇ ತೆಗೆದರು. ಹನುಮೇಶ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದ. ಬಿಸಿಲಿಗೆ ಆಕೆಯ ಕಣ್ಣು ಕತ್ತಲಿಟ್ಟಾಗ ಪರಮೇಶ್ವರಪ್ಪ ತನ್ನ ಟವಲನ್ನು ಒದ್ದೆ ಮಾಡಿಸಿ ಆಕೆಯ ತಲೆಗೆ ಹಾಕಿದ.

ಯುಗಾದಿಯ ಹೊತ್ತಿಗೆ ಕ್ಯಾಂಪಿನಿಂದ ಕಬ್ಬಿಣದ ಮಂಚ, ಬೀರು ತುಂಬಿದ ಲಾರಿಗಳು ಹೊರಡತೊಡಗಿದವು.

ಉಚ್ಚಂಗಮ್ಮ ಗೇಟಿಗೆ ಹೋದಳು. ಹಾಸನದ ಕಡೆಯ ಸುಬೇದಾರ್ ರಘುನಾಥ್ ಲಾರಿಯ ಹಗ್ಗ ಬಿಗಿಸುತ್ತಿದ್ದವರು ಕೈ ಒರೆಸಿಕೊಂಡು ಬಂದರು.

"ಬನ್ನಿ ಅಮ್ಮ. ನಿಮಗೆ ಹೇಳದೆ ಹೋಗ್ತೀನಾ? ನಾನೇ ಬರೋಣ ಅಂತಿದ್ದೆ."

"ಕೇಸು ವಾಪಸ್ ತಗಂಡಿವಲ್ಲಪ್ಪ. ಆದ್ರೂ ಹೊಂಟ್ರಿ?"

"ಯಾವ ಕೇಸು?" ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಓ, ನಿಮ್ಮ ಬೀದಿಯವರದಾ? ಅದಕ್ಕೂ ನಾವು ಹೋಗೋದಕ್ಕೂ ಏನಮ್ಮ ಸಂಬಂಧ? ಇದು ದೀಪಾವಳಿಗೆ ಮುಂಚೇನೇ ಗಟ್ಟಿಯಾಗಿತ್ತು. ಈ ಬಯಲು ಈಗಿನ ಬಂದೂಕುಗಳಿಗೆ ಸಾಲಲ್ಲ. ನಿಮ್ಮ ಅಧ್ಯಕ್ಷರಿಗೆ ಆಗಲೇ ಹೇಳಿದ್ವಲ್ಲ. ಇಲ್ಲೇ ಕೂತು ಟೀ ಕುಡಿದು ಹೋದರು. ಆಮೇಲೆ ಯಾರೋ ಫ್ಯಾಕ್ಟರಿಯವರನ್ನ ಜೀಪಲ್ಲಿ ಕರ್ಕೊಂಡು ಬಂದು ಜಾಗ ತೋರಿಸಿದರು. ನಿಮಗೆಲ್ಲ ಗೊತ್ತು ಅಂದ್ಕೊಂಡಿದ್ದೆ."

ಉಚ್ಚಂಗಮ್ಮ ಹೊರಡುತ್ತಿದ್ದ ಲಾರಿಯ ಕಡೆ ನೋಡಿದಳು.

"ಒಳ್ಳೇ ಮನುಷ್ಯ ಅಮ್ಮ ಅವರು," ರಘುನಾಥ್ ಮುಂದುವರಿಸಿದರು. "ನೀವು ಹೋಗೋವರೆಗೂ ನಮ್ಮ ಕುರಿಯವರನ್ನ ತಡೀಬೇಡಿ, ಗೇಟು ತೆಗೆದಿಡಿ ಅಂತ ಕೈ ಮುಗಿದು ಹೇಳಿ ಹೋದರು."

ಆಕೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಳು. ಆಕೆಯ ಮುಖ ನೋಡಿ ರಘುನಾಥ್ ಮಾತು ನಿಲ್ಲಿಸಿದರು. ಒಳಗೆ ಹೋಗಿ ಸ್ಟೀಲ್ ಲೋಟದಲ್ಲಿ ನೀರು ತಂದು ಕೊಟ್ಟು, ಬಿಸಿಲು ಬೀಳದ ಹಾಗೆ ಆಕೆಗೂ ಸೂರ್ಯನಿಗೂ ನಡುವೆ ನಿಂತುಕೊಂಡರು. ಏನಾಯಿತೆಂದು ಕೇಳಲಿಲ್ಲ. ಲೋಟ ಖಾಲಿಯಾಗುವವರೆಗೂ ಹಾಗೆಯೇ ನಿಂತಿದ್ದರು.

ಅದೇ ವಾರ ಪುರಸಭೆಯ ಸಭೆ ಇತ್ತು. ಕಾವಲಿನ ಭೂಮಿಯನ್ನು ಕೈಗಾರಿಕೆಗೆ ಕೊಡಬೇಕೆಂದು ಸರ್ಕಾರಕ್ಕೆ ಶಿಫಾರಸು ಮಾಡುವ ವಿಷಯವನ್ನು ಪರಮೇಶ್ವರಪ್ಪ ತಾನೇ ಎದ್ದು ಓದಿದ. ಸಪ್ಪೆ ಕಾಫಿ ಬಂದಿತ್ತು. ಉಚ್ಚಂಗಮ್ಮ ಅದನ್ನು ಮುಟ್ಟಿರಲಿಲ್ಲ.

"ಅಧ್ಯಕ್ಷರೇ," ಅಂದಳು. ಆಕೆ ಆತನನ್ನು ಹಾಗೆ ಕರೆದದ್ದು ಅದೇ ಮೊದಲು. "ನೀವು ನಮ್ಮ ಬೀದಿಗೆ ಬಂದಾಗ ಮಿಲ್ಟ್ರಿ ಹೋಗೋದು ನಿಮಗೆ ಗೊತ್ತಿತ್ತು."

ಪರಮೇಶ್ವರಪ್ಪ ಸುಳ್ಳು ಹೇಳಲಿಲ್ಲ.

"ಗೊತ್ತಿತ್ತು ಅಕ್ಕ."

"ಮತ್ತೆ ಮೆರವಣಿಗೆ?"

"ಜನ ಕೇಳ್ತಿದ್ರು. ಏನೂ ಮಾಡದೆ ಕುಂತ್ರೆ ಪುರಸಭೆಗೆ ಬೆಂಕಿ ಹಚ್ತಿದ್ರು. ಕುಂತ್ಕಳ್ರಿ ಅಕ್ಕ, ನಿಂತ್ಕಬ್ಯಾಡ್ರಿ, ನಿಮಗೆ ಮಂಡಿ ನೋವು. ಹೇಳ್ತೀನಿ. ಕ್ಯಾಂಪು ಹೋದ್ರೆ ಈ ಊರು ಏನು ತಿನ್ನಬೇಕು? ಫ್ಯಾಕ್ಟರಿಯೋರು ತಾವಾಗೇ ಬಂದ್ರು. ಭೂಮಿ ಮ್ಯಾಲೆ ತಡೆ ಐತೆ, ಅದು ತೆಗೀರಿ, ಇಲ್ದಿದ್ರೆ ಬೇರೆ ತಾಲ್ಲೂಕು ನೋಡ್ಕಂತೀವಿ ಅಂದ್ರು. ನಿಜ ಹೇಳಿದ್ರೆ ನೀವು ಕೇಸು ತೆಗೀತಿದ್ರಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ. ನಿಮ್ಮನ್ನ ಮರ್ತಿಲ್ಲ ಅಕ್ಕ. ನಿಮ್ಮ ಬೀದಿ ಮಕ್ಕಳಿಗೆ ಮೊದಲು ಕೆಲಸ ಅಂತ ಅವರ ಹತ್ರ ಮಾತು ತಗಂಡೀನಿ."

"ಮಾತು ತಗಂಡ್ಯಾ," ಅಂದಳು ಉಚ್ಚಂಗಮ್ಮ. ಆಕೆಯ ಧ್ವನಿ ಏರಲಿಲ್ಲ. "ನೀನು ನಮಗೆ ಕಂಬಳಿ ಮ್ಯಾಲೆ ಕುಂತು ಮಾತು ಕೊಟ್ಟೆ. ಕಾಲು ತೊಳ್ಕೊಂಡು ಬಂದು ಕುಂತೆ. ಕುರ್ಚಿ ಹಾಕಿದ್ವಿ. ಯಾಕೆ ಕುಂತೆ ಅಲ್ಲಿ?"

ಪರಮೇಶ್ವರಪ್ಪನ ಮುಖದಲ್ಲಿ ಕಪಟವಿರಲಿಲ್ಲ, ನಿಜವಾದ ಉತ್ತರವನ್ನೇ ಹುಡುಕುತ್ತಿದ್ದ.

"ಅದು ನಿಮ್ಮ ಪದ್ಧತಿ ಅಕ್ಕ. ಗೌರವ ಕೊಡಬೇಕಲ್ಲ ಅಂತ ಕುಂತೆ."

ಉಚ್ಚಂಗಮ್ಮ ಹನುಮೇಶನ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತೇನಪ್ಪ?"

ಹನುಮೇಶ ಕಾಫಿ ಲೋಟದೊಳಗೆ ನೋಡಿದ. "ಹೋಟ್ಲ ಮುಂದೆ ಹೇಳಿದಾಗ ಗೊತ್ತಿರ್ಲಿಲ್ಲ ಅಕ್ಕ, ಬೀರಪ್ಪನಾಣೆ. ಮೆರವಣಿಗೆ ಹೊತ್ತಿಗೆ ಗೊತ್ತಾಗಿತ್ತು." ಅಂದರೆ ಬಜ್ಜಿ ಹಂಚುವಾಗ ಗೊತ್ತಿತ್ತು.

ಒಪ್ಪುವವರು ಕೈ ಎತ್ತಿ ಅಂದಾಗ ಉಳಿದೆಲ್ಲರ ಕೈಗಳೂ ಎದ್ದವು. ವಿರೋಧ ಅಂದಾಗ ಎದ್ದದ್ದು ಆಕೆಯದೊಂದೇ. ಠರಾವು ಪಾಸಾಯಿತು.

ಸಂಜೆಗೆ ಬೀದಿಯ ಹಿರಿಯರು ತಿಮ್ಮರಾಯಪ್ಪನ ಅಂಗಳದಲ್ಲಿ ಕೂಡಿದರು. ಹಟ್ಟಿಯ ಕಡೆಯಿಂದ ಮರಿಗಳ ಕೂಗು ಕೇಳುತ್ತಿತ್ತು. ಉಚ್ಚಂಗಮ್ಮ ಅಂಗಳದ ಅಂಚಿನಲ್ಲೇ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ರಘುನಾಥ್ ಹೇಳಿದ್ದು, ಸಭೆಯಲ್ಲಿ ಆದದ್ದು, ಗೌರವಕ್ಕೆ ಕೂತದ್ದು.

ಕೊನೆಯ ಮಾತು ಕೇಳಿ ತಿಮ್ಮರಾಯಪ್ಪ ತಲೆಯ ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಸಾವಿನ ಮನೆಯಲ್ಲಿ ಬಿಟ್ಟರೆ ಅವನು ಅದನ್ನು ಜನರೆದುರು ತೆಗೆದದ್ದನ್ನು ಆಕೆ ನೋಡಿರಲಿಲ್ಲ.

ಹಿಂದೆ ಕೂತಿದ್ದ ಚಿತ್ತಯ್ಯ ಬಾಯಿಬಿಟ್ಟ. "ದಿನಾ ಅವರ ಪಕ್ಕದಾಗೆ ಕುಂತು ಕಾಫಿ ಕುಡಿಯೋಳಿಗೆ ಗೊತ್ತಿರ್ಲಿಲ್ಲ ಅಂದ್ರೆ ನಂಬಾಣ ಬಿಡು."

ಯಾರೂ ಅವನನ್ನು ಗದರಲಿಲ್ಲ. ಅದು ಉಚ್ಚಂಗಮ್ಮನಿಗೆ ತಿಳಿಯಿತು. ತಾನು ಜವಾಬ್ದಾರಿ ಎಂದು ಹೇಳಿ ಬಂದ ಜಗಲಿಗಳ ಒಡೆಯರೆಲ್ಲ ಅಲ್ಲೇ ಕೂತಿದ್ದರು. ಅವರು ನೆಲ ನೋಡುತ್ತಿದ್ದರು.

"ಏನವ್ವ," ಅಂದ ತಿಮ್ಮರಾಯಪ್ಪ, "ಅವನು ಬಂದ ದಿನ, ಮಿಲ್ಟ್ರಿ ಹೋಗೋದು ಮೊದಲೇ ಗಟ್ಟಿಯಾಗೈತೇನಪ್ಪಾ ಅಂತ ನೀನು ಕೇಳಿದ್ಯಾ?"

"ಇಲ್ಲ ಭಾವ. ಕಂಬಳಿ ಮ್ಯಾಲೆ ಕುಂತೋನ್ನ ಹೆಂಗೆ ಕೇಳಾನ?"

"ಹೂಂ. ನಾನೂ ಕೇಳ್ಲಿಲ್ಲ." ಅವನು ಚಿತ್ತಯ್ಯನ ಕಡೆ ತಿರುಗಿದ. "ನೀನು ಕೇಳಿದ್ಯೇನಲೇ? ನನ್ನ ಪಕ್ಕದಾಗೇ ಕುಂತಿದ್ಯಲ್ಲ."



ಸುಪ್ರಿಯಾ ಚಿತ್ರದುರ್ಗದಿಂದ ಬಸ್ಸು ಹಿಡಿದು ಬಂದಾಗ ಕತ್ತಲಾಗುತ್ತಿತ್ತು. ಆಗಲೇ ಹೇಳಿದ್ದೆನಲ್ಲ ಎಂಬ ಮಾತಿಗಾಗಿ ಉಚ್ಚಂಗಮ್ಮ ಮನಸ್ಸು ಗಟ್ಟಿಮಾಡಿಕೊಂಡು ಕಾದಳು. ಹುಡುಗಿ ಚಪ್ಪಲಿ ಬಿಟ್ಟು ಹತ್ತಿರ ಬಂದು, "ಬೆಳಿಗ್ಗಿಂದ ಏನಾದ್ರೂ ತಿಂದ್ಯಾ ದೊಡ್ಡಮ್ಮ?" ಅಂದಳು. ದಾರಿಯಲ್ಲಿ ಕಟ್ಟಿಸಿಕೊಂಡು ಬಂದಿದ್ದ ಇಡ್ಲಿ ಬಿಚ್ಚಿ ಕೈಗೆ ಕೊಟ್ಟಳು. ಅಂದು ಫೋನಿನಲ್ಲಿ ತಾನು ಅಂದಿದ್ದ ಮಾತು ಉಚ್ಚಂಗಮ್ಮನಿಗೆ ನೆನಪಿತ್ತು. ಹುಡುಗಿಗೂ ನೆನಪಿದ್ದಿರಬೇಕು, ಎತ್ತಲಿಲ್ಲ.

ಆಮೇಲೆ ಅಂಗಳದಲ್ಲಿ ಕೂತು ಎಲ್ಲರಿಗೂ ಬಿಡಿಸಿ ಹೇಳಿದಳು. ಕೈಬಿಟ್ಟ ಕೇಸನ್ನು ಹಾಗೇ ಎತ್ತಿ ನಿಲ್ಲಿಸಲು ಬರುವುದಿಲ್ಲ. ಮೋಸದಿಂದ ವಾಪಸ್ ತೆಗೆಸಿದರು ಎಂದು ಹೊಸದಾಗಿ ಹಾಕಬೇಕು. ತಡೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಅಷ್ಟರೊಳಗೆ ಬೇಲಿ ಬಿದ್ದರೆ ಇನ್ನೂ ಕಷ್ಟ. "ಈ ಸಲ ಪುರಸಭೆಯೂ ನಮ್ಮ ಎದುರಾಳಿ," ಅಂದಳು.

"ನಾನು ನಾಳೆನೇ ರಾಜೀನಾಮೆ ಕೊಡ್ತೀನಿ," ಅಂದಳು ಉಚ್ಚಂಗಮ್ಮ. ದಾರಿಯುದ್ದಕ್ಕೂ ಆಕೆ ಅದೊಂದನ್ನೇ ಹಿಡಿದುಕೊಂಡು ಬಂದಿದ್ದಳು. ಆ ಕುರ್ಚಿ ಬಿಟ್ಟುಬಂದು ಎಲ್ಲರಂತೆ ಕುರಿ ಹಿಂದೆ ನಡೆದರೆ, ಯಾರಾದರೂ ಒಬ್ಬರು ತನ್ನನ್ನು ನಂಬಬಹುದು.

"ಕೊಡಬ್ಯಾಡ," ಅಂದ ತಿಮ್ಮರಾಯಪ್ಪ.

"ಭಾವ?"

"ಅಲ್ಲಿ ಇನ್ನೇನೇನು ಆಗ್ತೈತೋ ನಮಗೆ ಯಾರು ಬಂದು ಹೇಳ್ತಾರೆ? ಬೇಲಿ ಯಾವತ್ತು, ದಾರಿ ಯಾವ ಕಡೆ, ಯಾರು ಬಂದ್ರು, ಯಾರು ಹೋದ್ರು. ನಾವು ಆ ಮನೆಯೊಳಗೆ ಒಬ್ಬರನ್ನ ಕಳ್ಸಾಕೆ ಎಷ್ಟು ವರ್ಷ ಹಿಡೀತು. ನೀನು ಕುಂತ್ಕಬೇಕು. ಎಲ್ಲ ಕೇಳಬೇಕು. ಒಂದು ಕೈ ಆದ್ರೂ ಎತ್ತಬೇಕು."

"ಅವನ ಪಕ್ಕದಾಗೆ?"

"ಅವನ ಪಕ್ಕದಾಗೇ."

"ಇವರೆಲ್ಲ ಏನಂದ್ಕಂತಾರೆ ಭಾವ? ಚಿತ್ತಯ್ಯ ಈಗ್ಲೇ ಅಂದ."

"ಇನ್ನೂ ಅಂತಾರೆ. ಅನ್ನಿಸ್ಕ." ತಿಮ್ಮರಾಯಪ್ಪ ರುಮಾಲು ಸುತ್ತಿಕೊಂಡು ಎದ್ದ. "ನಾಳೆ ಹಿಂಡು ಯಲ್ಲದಕೆರೆ ಕಡೆ ಹೊಡ್ಕೊಂಡು ಹೋಗಾಣ. ಅಲ್ಲಿ ಕೊಯ್ಲಾದ ಕೂಳೆ ಹೊಲ ಅವೆ ಅಂತಾರೆ."

ಆಕೆಯನ್ನು ಬಾ ಎಂದು ಯಾರೂ ಕರೆಯಲಿಲ್ಲ.

ಮುಂದಿನ ಸಭೆಯ ದಿನ ಉಚ್ಚಂಗಮ್ಮ ಹೊತ್ತಿಗೆ ಮುಂಚೆಯೇ ಹೋದಳು. ಕರೆಂಟು ಹೋಗಿತ್ತು. ಆಕೆ ಎಂದಿನ ಜಾಗದಲ್ಲಿ ಕೂತಳು. ಪರಮೇಶ್ವರಪ್ಪ ಒಳಗೆ ಬಂದವನು ಬಾಗಿಲಲ್ಲಿ ಒಂದು ಗಳಿಗೆ ನಿಂತು ಆಕೆಯನ್ನು ನೋಡಿದ. ಆಕೆ ಬರುವುದಿಲ್ಲವೆಂದು ತಿಳಿದಿದ್ದ ಅಂತ ಕಾಣುತ್ತದೆ. ಆತನ ಮುಖ ಅರಳಿತು. ಸೀದಾ ಹೋಗಿ ಆಕೆಯ ಹಿಂದಿನ ಕಿಟಕಿಯನ್ನು ಗುದ್ದಿ ಗುದ್ದಿ ತೆರೆದ. ತುಕ್ಕು ಹಿಡಿದ ಚಿಲಕ ಬೆರಳಿಗೆ ತಾಗಿ ರಕ್ತ ಬಂತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡ, ಯಾರಿಗೂ ತೋರಿಸಲಿಲ್ಲ. ಆಕೆಯ ಬೆನ್ನಿಗೆ ಗಾಳಿ ಬಂತು.

ತಂಪಾದ ಗಾಳಿ. ಅದು ಯಾತಕ್ಕೆ ಎಂದು ಉಚ್ಚಂಗಮ್ಮ ಯೋಚಿಸಿದಳು. ಆತನಿಗೆ ತನ್ನಿಂದ ಇನ್ನೇನು ಬೇಕಾಗಿದೆ? ಏನೂ ಬೇಡದೆಯೂ ತೆರೆದಿರಬಹುದು. ಮೊದಲಾಗಿದ್ದರೆ ಈ ಯೋಚನೆಯೇ ಬರುತ್ತಿರಲಿಲ್ಲ. ಬರುವ ದಾರಿಯಲ್ಲಿ ಹಿಂದೆ ನಡೆಯುತ್ತಿದ್ದವಳೊಬ್ಬಳು ಉಚ್ಚಂಗಮ್ಮನ ಜಾರಿದ ಸೆರಗು ಸರಿಮಾಡಿದಾಗಲೂ ಆಕೆ ಬೆಚ್ಚಿ ತಿರುಗಿ ನೋಡಿದ್ದಳು.

"ಊಟ ಆತಾ ಅಕ್ಕ?" ಅಂದ ಪರಮೇಶ್ವರಪ್ಪ, ಪಕ್ಕದ ಕುರ್ಚಿಯಲ್ಲಿ ಕೂರುತ್ತ.

ಆಕೆ ಕನ್ನಡಕ ಹಾಕಿಕೊಂಡಳು.

"ಮೊದಲನೇ ವಿಷಯ ಓದ್ರಿ," ಅಂದಳು.